ಬಾಡಿಗೆ ಕ್ಯಾಮೆರಾ ಕೈಕೊಟ್ಟಾಗ ಫೋನಲ್ಲೇ ಕಿರುಚಿತ್ರ: ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಹೇಗಿದೆ?

ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಪೂರ್ತಿ ಉಚಿತ. ಜಾಹೀರಾತು ಬರಲ್ಲ, ವಿಡಿಯೊ ಮೂಲೆಯಲ್ಲಿ ವಾಟರ್‌ಮಾರ್ಕ್ ಬರಲ್ಲ, ವಾರ ಕಳೆದ ಮೇಲೆ ದುಡ್ಡು ಕಟ್ಟಿ ಅಂತ ಪೀಡಿಸಲ್ಲ. ಆದರೂ ನಾವೇನೂ ಇದನ್ನು ಆಸೆಪಟ್ಟು ಹಾಕಿಕೊಂಡಿದ್ದಲ್ಲ, ಬೇರೆ ಗತಿ ಇರಲಿಲ್ಲ. ಈಗ ಕಿರುಚಿತ್ರ ಮುಗಿಸಿ ಕಾಲೇಜಿಗೆ ಕೊಟ್ಟಾಗಿದೆ. ಹಾಗಾಗಿ ಆ್ಯಪ್‌ನಲ್ಲಿರೋ ಬಟನ್‌ಗಳನ್ನೆಲ್ಲ ಇಲ್ಲಿ ಪಟ್ಟಿ ಮಾಡೋದಿಲ್ಲ. ಫೈನಲ್ ಇಯರ್ ಪ್ರಾಜೆಕ್ಟ್ ಮಧ್ಯದಲ್ಲಿ ಪ್ಲಾನೆಲ್ಲ ನೆಲಕಚ್ಚಿದವರಿಗೆ ಇದು ಎಷ್ಟು ಆಗಿಬರುತ್ತದೆ, ಎಲ್ಲಿ ಆಗಿಬರಲ್ಲ, ಅಷ್ಟನ್ನೇ ಬರೆಯುತ್ತೇನೆ.

ನಮ್ಮ ಮೊದಲ ಕತೆ ಮೈಸೂರು ರೈಲ್ವೆ ಸ್ಟೇಷನ್ನಿನಲ್ಲಿ ನಡೆಯಬೇಕಿತ್ತು. ಮಗ ಬರುತ್ತಾನೆ ಅಂತ ಅಪ್ಪ ಪ್ಲಾಟ್‌ಫಾರ್ಮಿನಲ್ಲಿ ಕಾಯೋದು, ರೈಲು ಒಂದಾದ ಮೇಲೊಂದು ಬರೋದು, ಮಗ ಮಾತ್ರ ಇಳಿಯದೇ ಇರೋದು. ಪೇಪರ್ ಮೇಲೆ ಬಹಳ ಚೆನ್ನಾಗಿತ್ತು. ಆದರೆ ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡ ಮಾತ್ರಕ್ಕೆ ಒಳಗೆ ಟ್ರೈಪಾಡ್ ಇಟ್ಟು ಶೂಟ್ ಮಾಡೋಕೆ ಆಗಲ್ಲ, ಅದಕ್ಕೆ ರೈಲ್ವೆಯಿಂದ ಮೊದಲೇ ಅನುಮತಿ ತಗೋಬೇಕು, ಅರ್ಜಿ, ಶುಲ್ಕ ಅಂತ ಎಲ್ಲ ಇರುತ್ತೆ, ನಾಲ್ಕು ಜನ ವಿದ್ಯಾರ್ಥಿಗಳು ಚಂದಾ ಎತ್ತಿ ಮಾಡೋ ಸಿನಿಮಾಕ್ಕೆ ಅದು ಭಾರವೇ. ಅಪ್ಪನ ಪಾತ್ರ ಮಾಡಬೇಕಿದ್ದವರು ಹವ್ಯಾಸಿ ನಾಟಕದವರು, ಅವರಿಗೆ ಅದೇ ಹೊತ್ತಿಗೆ ಪ್ರದರ್ಶನ ಬಂತು. ಕೊನೆಯದಾಗಿ ಕ್ಯಾಮೆರಾ. ಮಿರರ್‌ಲೆಸ್ ಒಂದನ್ನು ಎರಡು ಲೆನ್ಸ್ ಸಮೇತ ಬುಕ್ ಮಾಡಿ ಅಡ್ವಾನ್ಸ್ ಕೊಟ್ಟಿದ್ದೆವು. ಶೂಟಿಗೆ ಎರಡು ದಿನ ಇದೆ ಅನ್ನುವಾಗ ಬಾಡಿಗೆ ಅಂಗಡಿಯಿಂದ ಫೋನ್. ಮದುವೆ ಸೀಸನ್ ಕಣ್ರೀ, ಕ್ಯಾಮೆರಾ ಇನ್ನೂ ವಾಪಸ್ ಬಂದಿಲ್ಲ, ಮುಂದಿನ ವಾರ ನೋಡೋಣ ಅಂದರು. ಅಂಗಡಿ ಹೆಸರು ಬೇಡ. ಅಡ್ವಾನ್ಸ್ ಮರ್ಯಾದೆಯಾಗಿ ವಾಪಸ್ ಕೊಟ್ಟರು. ಮೂರು ದಿನದ ಬಾಡಿಗೆ ಕೊಡೋ ಮದುವೆ ಫೋಟೋಗ್ರಾಫರ್ ಮುಂದೆ ಒಂದು ದಿನಕ್ಕೆ ಡಿಸ್ಕೌಂಟ್ ಕೇಳೋ ಕಾಲೇಜು ಹುಡುಗರು ಯಾವ ಲೆಕ್ಕ ಹೇಳಿ.

ಮುಂದಿನ ವಾರಕ್ಕೆ ಸಬ್‌ಮಿಷನ್ ಇತ್ತು. ಗುಂಪಿನಲ್ಲಿ ಒಬ್ಬನ ಹತ್ತಿರ ಗ್ಯಾಲಕ್ಸಿ ಎಸ್ ಸರಣಿಯ ಫೋನ್ ಇತ್ತು. ಅವನ ಅಜ್ಜಿ ಮನೆ ಚಾಮರಾಜಪುರಂ ಸ್ಟೇಷನ್ ಹತ್ತಿರ. ನಂಜನಗೂಡು, ಚಾಮರಾಜನಗರದ ಕಡೆ ಹೋಗೋ ರೈಲು ಅಲ್ಲೇ ಹಾದುಹೋಗೋದು, ಅಡುಗೆಮನೆಯಲ್ಲಿ ನಿಂತರೆ ಹಾರ್ನ್ ಚೆನ್ನಾಗಿ ಕೇಳಿಸುತ್ತೆ. ಕತೆ ಅಲ್ಲೇ ತಿರುಗಿತು. ಸ್ಟೇಷನ್ ತೋರಿಸೋದೇ ಬೇಡ, ಕೇಳಿಸೋಣ. ಅಪ್ಪನ ಜಾಗಕ್ಕೆ ಅಜ್ಜಿ. ರೈಲಿನ ಸದ್ದಾದಾಗಲೆಲ್ಲ ಗಡಿಯಾರ ನೋಡೋದು, ಇಬ್ಬರಿಗೆ ಕಾಫಿ ಬೆರೆಸೋದು, ಒಂದು ಲೋಟ ಹಾಗೇ ಆರಿಹೋಗೋದು. ಇಡೀ ಚಿತ್ರದಲ್ಲಿ ರೈಲು ಒಂದು ಸಲಕ್ಕೂ ಕಾಣಿಸಲ್ಲ. ಅಜ್ಜಿಯನ್ನು ಒಪ್ಪಿಸೋಕೆ ಕಷ್ಟವಾಗಲಿಲ್ಲ, ಆದರೆ ರೀಟೇಕ್ ಅಂದರೆ ಏನು ಅಂತ ಒಪ್ಪಿಸೋಕೆ ಆಗಲೇ ಇಲ್ಲ.

ಇನ್ನು ಆ್ಯಪ್ ವಿಷಯ. ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಆಸ್ಟ್ರೇಲಿಯಾದ ಕಂಪನಿ, ಸಿನಿಮಾ ಕ್ಯಾಮೆರಾ ಮಾಡೋರು, ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರೂ ಅವರದೇ. ಈ ಆ್ಯಪ್ ಐಫೋನಿಗೆ 2023ರ ಸೆಪ್ಟೆಂಬರಿನಲ್ಲಿ ಬಂತು, ಆಂಡ್ರಾಯ್ಡ್‌ಗೆ 2024ರ ಜೂನ್‌ನಲ್ಲಿ. ಆಂಡ್ರಾಯ್ಡ್‌ನಲ್ಲಿ ಶುರುವಿಗೆ ಗೂಗಲ್ ಪಿಕ್ಸೆಲ್ ಮತ್ತು ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್ ಸರಣಿಯ ಕೆಲವು ಮಾದರಿಗಳಿಗೆ ಮಾತ್ರ ಇತ್ತು, ಆಮೇಲೆ ಬೇರೆ ಕಂಪನಿ ಫೋನುಗಳನ್ನೂ ಸೇರಿಸಿದರು. ಈಗಲೂ ಎಲ್ಲ ಫೋನಿಗೂ ಸಿಗಲ್ಲ. ನಮ್ಮ ನಾಲ್ಕು ಜನರಲ್ಲಿ ಮೂವರದ್ದು ಹದಿನೈದು ಸಾವಿರದ ಒಳಗಿನ ಫೋನು, ಅದರಲ್ಲಿ ಪ್ಲೇ ಸ್ಟೋರ್ ಇದನ್ನು ಹಾಕಿಕೊಳ್ಳೋಕೆ ಬಿಡಲೇ ಇಲ್ಲ. ಉಚಿತ ಆ್ಯಪ್ ಅಂತ ಹೇಳುವಾಗ ಇದನ್ನೂ ಹೇಳಬೇಕಲ್ವಾ? ಆ್ಯಪ್ ಪುಕ್ಕಟೆ, ಆದರೆ ಅದು ಓಡೋ ಫೋನು ಪುಕ್ಕಟೆ ಅಲ್ಲ.

ತೆರೆದ ತಕ್ಷಣ ಸ್ಕ್ರೀನಿನ ಮೇಲೆ ಸಾಲಾಗಿ ಅಂಕಿಗಳು. ಲೆನ್ಸ್, ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್), ಷಟರ್ (ಒಂದೊಂದು ಫ್ರೇಮಿಗೆ ಎಷ್ಟು ಹೊತ್ತು ಬೆಳಕು ಬೀಳಬೇಕು), ಐರಿಸ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ), ವೈಟ್ ಬ್ಯಾಲೆನ್ಸ್ ಮತ್ತು ಟಿಂಟ್ (ಬಣ್ಣ ಸರಿ ಮಾಡೋಕೆ). ಅವರ ದೊಡ್ಡ ಕ್ಯಾಮೆರಾಗಳ ಸ್ಕ್ರೀನ್ ನೋಡಿದವರಿಗೆ ಇದು ಗುರುತು ಸಿಗುತ್ತೆ. ಯಾವುದನ್ನು ಬದಲಾಯಿಸಬೇಕೋ ಅದರ ಮೇಲೆ ಬೆರಳಿಟ್ಟರೆ ಆಯಿತು. ಐರಿಸ್ ಮಾತ್ರ ಸುಮ್ನೆ ನೋಡೋಕೆ, ಅದು ಬದಲಾಗಲ್ಲ, ಯಾಕಂದ್ರೆ ಸಾಮಾನ್ಯವಾಗಿ ಫೋನಿನ ಲೆನ್ಸಿನಲ್ಲಿ ಬೆಳಕು ಬರೋ ರಂಧ್ರ ಹಿರಿದು ಕಿರಿದು ಮಾಡೋಕೆ ಬರಲ್ಲ. ಉಳಿದದ್ದನ್ನೆಲ್ಲ ನಾವೇ ಕೂರಿಸಬಹುದು, ಕೂರಿಸಿದ ಮೇಲೆ ಅದು ಅಲ್ಲಾಡಲ್ಲ. ನನ್ನ ಪ್ರಕಾರ ಈ ಆ್ಯಪ್‌ನ ಅರ್ಧ ಬೆಲೆ ಇರೋದೇ ಇಲ್ಲಿ. ಫೋನಿನ ಮಾಮೂಲಿ ಕ್ಯಾಮೆರಾದಲ್ಲಿ ತೆಗೆದರೆ, ಅಜ್ಜಿ ಬಿಳಿ ಸೆರಗು ತಿರುಗಿಸಿದ ಕೂಡಲೇ ಇಡೀ ಅಡುಗೆಮನೆ ಒಂದು ಕ್ಷಣ ಕತ್ತಲಾಗಿ ಮತ್ತೆ ಬೆಳಗುತ್ತೆ, ಒಗ್ಗರಣೆ ಹಬೆ ಬಂದರೆ ಫೋಕಸ್ ಹಬೆಗೆ ಹೋಗಿ ಕೂರುತ್ತೆ, ಗೋಡೆ ಒಂದು ಶಾಟ್‌ನಲ್ಲಿ ಹಳದಿ, ಇನ್ನೊಂದರಲ್ಲಿ ನೀಲಿ. ನೋಡಿದವರಿಗೆ ಇದು ಫೋನ್ ವಿಡಿಯೊ ಅಂತ ಗೊತ್ತಾಗೋದು ಹೆಚ್ಚಾಗಿ ಇಂಥದ್ದರಿಂದಲೇ. ಫೋಕಸ್, ಐಎಸ್‌ಒ, ವೈಟ್ ಬ್ಯಾಲೆನ್ಸ್ ಮೂರನ್ನೂ ಕಟ್ಟಿಹಾಕಿದರೆ ಅರ್ಧ ಕೆಲಸ ಆದ ಹಾಗೆ.

ಟ್ಯೂಬ್‌ಲೈಟ್ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದ್ರೆ ಯೂಟ್ಯೂಬಿನಲ್ಲಿ ಇದನ್ನು ಹೇಳಿಕೊಡೋ ಬಹಳಷ್ಟು ಜನ ಅಮೆರಿಕದವರು, ಅವರ ಲೆಕ್ಕ ನಮ್ಮ ಮನೆಗೆ ಸರಿಹೋಗಲ್ಲ. ನಮ್ಮ ಕರೆಂಟ್ 50 ಹರ್ಟ್ಜ್. ಹಾಗಾಗಿ ಟ್ಯೂಬ್‌ಲೈಟು, ಕಡಿಮೆ ಬೆಲೆಯ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತೆ. ಷಟರ್ 1/50 ಅಥವಾ 1/100 ಸೆಕೆಂಡ್ ಇದ್ದರೆ ಮಿನುಗು ಕಾಣಲ್ಲ, 1/60 ಇಟ್ಟರೆ ಗೋಡೆ ಮೇಲೆ ಕಪ್ಪು ಪಟ್ಟೆ ನಿಧಾನಕ್ಕೆ ಮೇಲಿಂದ ಕೆಳಗೆ ಜಾರುತ್ತೆ. ಆದ್ದರಿಂದ ಸೆಕೆಂಡಿಗೆ 25 ಫ್ರೇಮ್ ಇಟ್ಟು ಷಟರ್ 180 ಡಿಗ್ರಿ (360ರಲ್ಲಿ ಅರ್ಧ, ಅಂದರೆ ಒಂದು ಫ್ರೇಮಿನ ಅರ್ಧ ಹೊತ್ತು) ಇಟ್ಟರೆ ಸರಿಯಾಗಿ 1/50 ಆಗುತ್ತೆ, ತಲೆನೋವಿಲ್ಲ. ಇಲ್ಲ, ಸಿನಿಮಾ ಅಂದಮೇಲೆ 24 ಫ್ರೇಮೇ ಬೇಕು ಅಂತ ಹಟ ಹಿಡಿಯೋರು ಪ್ರತಿ ಗುಂಪಿನಲ್ಲೂ ಒಬ್ಬರು ಇರುತ್ತಾರೆ. ಅಂಥವರಿಗೆ ಷಟರ್ 172.8 ಡಿಗ್ರಿ ಇಟ್ಟುಕೊಡಿ, ಅದೂ 1/50ಕ್ಕೇ ಬಂದು ನಿಲ್ಲುತ್ತೆ. ಷಟರನ್ನು ಡಿಗ್ರಿಯಲ್ಲಿ ಬೇಕಾದರೆ ಡಿಗ್ರಿಯಲ್ಲಿ, ಸೆಕೆಂಡಿನ ಲೆಕ್ಕದಲ್ಲಿ ಬೇಕಾದರೆ ಹಾಗೆ ಇಟ್ಟುಕೊಳ್ಳೋ ಸೌಲಭ್ಯ ಆ್ಯಪ್‌ನಲ್ಲೇ ಇದೆ. ನಾವು 25ರಲ್ಲೇ ತೆಗೆದೆವು.

ಷಟರ್ 1/50ಕ್ಕೆ ಕಟ್ಟಿಹಾಕಿದ ಮೇಲೆ ಇನ್ನೊಂದು ತಾಪತ್ರಯ ಶುರು. ಐರಿಸ್ ಕಿರಿದು ಮಾಡೋಕೆ ಬರಲ್ಲ ಅಂದೆನಲ್ಲ, ಹಾಗಾಗಿ ಬಿಸಿಲಲ್ಲಿ ಐಎಸ್‌ಒ ಎಷ್ಟು ಇಳಿಸಿದರೂ ಬೆಳಕು ಜಾಸ್ತಿಯೇ. ತಾರಸಿಯಲ್ಲಿ ಅಜ್ಜಿ ಹಪ್ಪಳ ಒಣಹಾಕುವ ದೃಶ್ಯ ಮಧ್ಯಾಹ್ನ ಬರೆದಿದ್ದೆವು. ಆ್ಯಪ್‌ನಲ್ಲಿ ಜೀಬ್ರಾ ಅಂತ ಒಂದಿದೆ, ಬೆಳಕು ಮಿತಿ ಮೀರಿದ ಕಡೆ ಓರೆ ಗೆರೆ ತೋರಿಸುತ್ತೆ. ತಾರಸಿಗೆ ಹೋಗಿ ನೋಡಿದರೆ ಹಪ್ಪಳ, ಸೀರೆ, ಆಕಾಶ ಎಲ್ಲ ಗೆರೆಯೋ ಗೆರೆ. ಇದಕ್ಕೆ ಮದ್ದು ಎನ್‌ಡಿ ಫಿಲ್ಟರ್, ಅಂದರೆ ಲೆನ್ಸಿಗೆ ಹಾಕೋ ಕೂಲಿಂಗ್ ಗ್ಲಾಸ್. ಫೋನಿಗೆ ಕ್ಲಿಪ್ ಮಾಡೋ ಥರದ್ದು ಸಿಗುತ್ತೆ, ನಮ್ಮ ಹತ್ತಿರ ಇರಲಿಲ್ಲ. ಷಟರ್ ಏರಿಸಿದರೆ ಬೆಳಕು ಸರಿಹೋಗುತ್ತೆ, ಆದರೆ ಕೈಯ ಚಲನೆ ತುಂಡುತುಂಡಾಗಿ ಕಾಣುತ್ತೆ. ಕೊನೆಗೆ ದೃಶ್ಯವನ್ನೇ ಸಂಜೆಗೆ ತಳ್ಳಿ, ಹಪ್ಪಳ ಒಣಹಾಕೋ ಬದಲು ಒಣಗಿದ್ದನ್ನು ಆರಿಸಿಕೊಂಡು ಬರೋ ಹಾಗೆ ಬದಲಾಯಿಸಿದೆವು. ಕತೆಗೂ ಅದೇ ಒಪ್ಪಿತು, ದಿನವಿಡೀ ಕಾದಿದ್ದಾಳೆ ಅನ್ನೋದು ಹೇಳದೇ ಗೊತ್ತಾಗುತ್ತೆ.

ಫೋನಿನ ದೊಡ್ಡ ಉಪಕಾರ ಅದು ಚಿಕ್ಕದಾಗಿರೋದು. ಅಜ್ಜಿ ಅಡುಗೆಮನೆ ಇಬ್ಬರು ನಿಂತರೆ ಮೂರನೆಯವರು ಹೊರಗೆ ಅನ್ನೋ ಅಳತೆಯದ್ದು. ಮಿರರ್‌ಲೆಸ್, ಟ್ರೈಪಾಡ್, ಅದರ ಹಿಂದೆ ಒಬ್ಬ ಆಪರೇಟರ್ ಅಂದರೆ ಅಜ್ಜಿಗೇ ಜಾಗ ಇರುತ್ತಿರಲಿಲ್ಲ. ನಾವು ಫೋನನ್ನು ಗೂಡಿನಲ್ಲಿ, ಸಾಸಿವೆ ಡಬ್ಬಿಗೂ ಮೆಂತ್ಯದ ಡಬ್ಬಿಗೂ ನಡುವೆ ಒರಗಿಸಿ, ಹಿಂದೆ ಅಕ್ಕಿ ಅಳೆಯೋ ಪಾವು ಇಟ್ಟು ನಿಲ್ಲಿಸಿದೆವು. ಫ್ರೇಮಿನ ಎಡಗಡೆ ಸ್ಟೀಲ್ ಡಬ್ಬಿ ಅಂಚು ಮಸುಕಾಗಿ, ಬಲಗಡೆ ಕಿಟಕಿ ಬೆಳಕು ಬಿದ್ದ ಅಜ್ಜಿ ಮುಖ. ಚಿತ್ರದಲ್ಲಿ ಎಲ್ಲರೂ ಮೆಚ್ಚಿದ ಶಾಟ್ ಅದು. ರೆಕಾರ್ಡ್ ಒತ್ತಿ ನಾವೆಲ್ಲ ಹಜಾರಕ್ಕೆ ಹೋಗಿಬಿಡುತ್ತಿದ್ದೆವು, ಅಜ್ಜಿ ಕ್ಯಾಮೆರಾ ಮರೆತು ತನ್ನ ಪಾಡಿಗೆ ಡಿಕಾಕ್ಷನ್ ಇಳಿಸುತ್ತಿದ್ದರು. ಮಾತಾಡೋ ದೃಶ್ಯಕ್ಕಿಂತ ಕೆಲಸ ಮಾಡೋ ದೃಶ್ಯಗಳೇ ಚೆನ್ನಾಗಿ ಬಂದಿವೆ. ಅದೇ ಲೋಟ ತೊಳೆಯೋದನ್ನು ಮತ್ತೆ ಮತ್ತೆ ತೆಗೆದಾಗ ಮಾತ್ರ ಸಿಟ್ಟು ಬಂತು. “ಇನ್ನೆಷ್ಟು ಸಲ ತೊಳೀಲೋ ಇದನ್ನ? ಸ್ಟೀಲು ಆದ್ದರಿಂದ ಆಯ್ತು, ಬೆಳ್ಳಿ ಆಗಿದ್ರೆ ಸವೆದೇ ಹೋಗ್ತಿತ್ತು” ಅಂದರು. ಆ ಮಾತನ್ನು ಚಿತ್ರದಲ್ಲಿ ಇಟ್ಟುಕೊಳ್ಳೋಣ ಅಂತ ಜಗಳವೇ ಆಯಿತು ನಮ್ಮಲ್ಲಿ. ಇಡಲಿಲ್ಲ. ಈಗಲೂ ಇಡಬೇಕಿತ್ತು ಅನ್ನೋ ಕಡೆ ನಾನು.

ಲೆನ್ಸ್ ವಿಷಯದಲ್ಲಿ ಒಂದು ಮಾತು. ಫೋನಿನಲ್ಲಿ ಮೂರು ಕ್ಯಾಮೆರಾ ಇದ್ದರೂ ಮೇನ್ ಲೆನ್ಸ್ ಒಂದರಲ್ಲೇ ತೆಗೆಯಿರಿ. ಸೆನ್ಸರ್ ಬೇರೆ ಬೇರೆ ಇರೋದರಿಂದ ಬಣ್ಣ ಹೊಂದಿಕೆಯಾಗಲ್ಲ, ಅಲ್ಟ್ರಾವೈಡ್‌ನಲ್ಲಿ ಒಳಾಂಗಣ ತೆಗೆದರೆ ಕಾಳು ಕಾಳಾಗಿ ಕಾಣುತ್ತೆ. ಹತ್ತಿರ ಬೇಕಾದರೆ ಎರಡು ಹೆಜ್ಜೆ ಮುಂದೆ ಹೋಗಿ. ಟ್ರೈಪಾಡ್ ಮೇಲಿದ್ದಾಗ ಸ್ಟೆಬಿಲೈಸೇಷನ್ (ಕೈ ಅಲ್ಲಾಟ ತಡೆಯೋ ಸೌಲಭ್ಯ) ಆಫ್ ಮಾಡಿ. ಇಷ್ಟು ಸಾಕು.

ಈಗ ಆ್ಯಪ್ ಕೈಯಲ್ಲಿ ಆಗದೇ ಇರೋದು. ಸೌಂಡ್. ಸ್ಕ್ರೀನಿನಲ್ಲಿ ಆಡಿಯೊ ಮೀಟರ್ ಕುಣಿಯುತ್ತೆ, ಹೊರಗಿನ ಮೈಕ್ ಹಾಕಿದರೂ ತಗೊಳ್ಳುತ್ತೆ, ಎಲ್ಲ ಸರಿ. ಆದರೆ ಗೂಡಿನಲ್ಲಿಟ್ಟ ಫೋನಿನ ಮೈಕಿಗೆ ಅಜ್ಜಿ ಮಾತಿಗಿಂತ ಫ್ರಿಜ್ಜಿನ ಗುಂಯ್ ಅನ್ನೋದೇ ಹತ್ತಿರ. ಇದನ್ನು ಯಾವ ಆ್ಯಪೂ ಸರಿ ಮಾಡಲ್ಲ. ನಾವು ಬೋಯಾ ಬಿವೈ-ಎಂ1 ಕಾಲರ್ ಮೈಕ್ ಬಳಸಿದೆವು, ಆರು ಮೀಟರ್ ವೈರ್ ಇರುತ್ತೆ, ಯೂಟ್ಯೂಬ್ ಮಾಡೋರ ಮನೆಯಲ್ಲೆಲ್ಲ ಒಂದು ಬಿದ್ದಿರುತ್ತೆ, ಕೇಳಿದರೆ ಕೊಡುತ್ತಾರೆ. ಅದನ್ನು ಶೂಟ್ ಮಾಡೋ ಫೋನಿಗೆ ಹಾಕದೆ, ಹೆಡ್‌ಫೋನ್ ತೂತು ಇರೋ ಹಳೇ ಫೋನಿಗೆ ಹಾಕಿ, ಆ ಫೋನನ್ನು ಅಜ್ಜಿ ಸೊಂಟಕ್ಕೆ ಸಿಕ್ಕಿಸಿ ಬೇರೆಯಾಗಿ ರೆಕಾರ್ಡ್ ಮಾಡಿದೆವು. ಪ್ರತಿ ಟೇಕ್ ಮುಂಚೆ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ. ರಿಸಾಲ್ವ್‌ನಲ್ಲಿ ಎರಡೂ ಫೈಲ್ ಹಾಕಿದರೆ ಸದ್ದಿನ ಅಲೆಯ ಆಕಾರ ನೋಡಿ ತಾನೇ ಹೊಂದಿಸಿಕೊಡುತ್ತೆ, ಕೈಕೊಟ್ಟ ಕಡೆ ಚಪ್ಪಾಳೆ ನೋಡಿ ನಾವೇ ಹೊಂದಿಸಬಹುದು. ಫ್ಯಾನ್ ಆಫ್, ಫ್ರಿಜ್ ಆಫ್. ಫ್ರಿಜ್ ಆಫ್ ಮಾಡೋರು ನಿಮ್ಮ ಗಾಡಿ ಕೀಯನ್ನು ಫ್ರಿಜ್ಜಿನೊಳಗೆ ಇಡಿ. ಸೌಂಡ್ ರೆಕಾರ್ಡಿಂಗ್‌ನವರ ಹಳೇ ಉಪಾಯ ಇದು, ಹೊರಡುವಾಗ ಕೀ ಹುಡುಕಿಕೊಂಡು ಫ್ರಿಜ್ ತೆಗೆಯಲೇಬೇಕು, ಆಗ ಸ್ವಿಚ್ ಹಾಕೋದು ನೆನಪಾಗುತ್ತೆ, ಯಾರ ಮನೆ ಹಾಲೂ ಒಡೆಯಲ್ಲ. ಪಕ್ಕದ ಮನೆ ಕುಕ್ಕರ್, ಕಸದ ಗಾಡಿ ಹಾಡು, ಇದಕ್ಕೆಲ್ಲ ಸ್ವಿಚ್ ಇಲ್ಲ. ಕಾಯಬೇಕು.

ರೈಲಿನ ಸದ್ದನ್ನು ಬೇರೆಯಾಗಿ ತಾರಸಿಯಿಂದ, ಅಡುಗೆಮನೆ ಕಿಟಕಿಯಿಂದ, ಬಾಗಿಲು ಹಾಕಿದ ರೂಮಿನೊಳಗಿಂದ ಹಿಡಿದುಕೊಂಡೆವು. ಒಂದೇ ರೈಲು, ಮೂರು ಕಡೆ ಮೂರು ಥರ ಕೇಳುತ್ತೆ. ಚಿತ್ರದ ಕೊನೇ ರೈಲಿಗೆ ಮುಚ್ಚಿದ ಬಾಗಿಲಿನ ಸದ್ದು ಹಾಕಿದೆವು. ಕಾಲೇಜಿನ ಪ್ರದರ್ಶನದಲ್ಲಿ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಇದರ ಬಗ್ಗೆಯೇ, ಯಾವ ಕ್ಯಾಮೆರಾ ಅಂತ ಕೇಳಿದವರು ಕಡಿಮೆ.

ಫೈಲ್ ಸೈಜ್ ಲೆಕ್ಕ ಮೊದಲೇ ಹಾಕಿಕೊಳ್ಳಿ. 100 ಎಂಬಿಪಿಎಸ್ ಬಿಟ್‌ರೇಟ್ (ಸೆಕೆಂಡಿಗೆ 100 ಮೆಗಾಬಿಟ್) ಅಂದರೆ ಒಂದು ನಿಮಿಷಕ್ಕೆ 750 ಎಂಬಿ. 64 ಜಿಬಿ ಖಾಲಿ ಇದ್ದರೆ ಸುಮಾರು 85 ನಿಮಿಷ. ಕೇಳೋಕೆ ಬೇಕಾದಷ್ಟು ಅನ್ನಿಸುತ್ತೆ, ಆದರೆ ರೆಕಾರ್ಡ್ ಒತ್ತಿ ಹಜಾರಕ್ಕೆ ಹೋಗಿ ಕೂರೋ ನಮ್ಮಂಥವರಿಗೆ ಅದು ಬೇಗ ಮುಗಿಯುತ್ತೆ. ಐಫೋನ್ ಪ್ರೊ ಮಾದರಿಗಳಲ್ಲಿ ಪ್ರೊರೆಸ್ ಅನ್ನೋ, ಎಡಿಟಿಂಗಿಗೆ ಅನುಕೂಲವಾದ ಫೈಲ್ ಮಾದರಿಯಲ್ಲೂ ತೆಗೆಯಬಹುದು, ಟೈಪ್ ಸಿ ಇರೋ ಪ್ರೊ ಆದರೆ ನೇರವಾಗಿ ಹೊರಗಿನ ಎಸ್‌ಎಸ್‌ಡಿಗೇ ರೆಕಾರ್ಡ್ ಮಾಡಬಹುದು, ಆ ಫೈಲುಗಳು ಇದಕ್ಕಿಂತ ಎಷ್ಟೋ ಪಾಲು ದೊಡ್ಡವು. ಊಟದ ಬ್ರೇಕಿನಲ್ಲಿ ಒಬ್ಬರು ಲ್ಯಾಪ್‌ಟಾಪಿಗೆ ಕಾಪಿ ಮಾಡೋ ಕೆಲಸ ಇಟ್ಟುಕೊಳ್ಳಲೇಬೇಕು. ಇನ್ನು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕೋದು. ಒಳ್ಳೇ ಟೇಕ್ ನಡುವೆ ಲೋನ್ ಬೇಕಾ ಅಂತ ಕಾಲ್ ಬಂದರೆ ಅಜ್ಜಿ ಮತ್ತೆ ಲೋಟ ತೊಳೆಯಬೇಕಾಗುತ್ತೆ.

ಬೇಸಿಗೆಯಲ್ಲಿ ಯಾವ ಫೋನಾದರೂ ತುಂಬಾ ಹೊತ್ತು 4ಕೆ ತೆಗೆದರೆ ಬಿಸಿಯಾಗುತ್ತೆ, ಸ್ಕ್ರೀನ್ ಮಂಕಾಗುತ್ತೆ, ಕೆಲವು ನಿಂತೇಹೋಗುತ್ತವೆ. ಕವರ್ ತೆಗೆದಿಡಿ, ಟೇಕ್ ನಡುವೆ ಫ್ಯಾನ್ ಕೆಳಗೆ ಇಡಿ. ಫ್ರಿಜ್ಜಿನಲ್ಲಿ ಇಡೋಣ ಅಂತ ಯಾರಾದರೂ ಬುದ್ಧಿವಂತರು ಹೇಳಿದರೆ ಒಪ್ಪಬೇಡಿ, ಹೊರಗೆ ತೆಗೆದ ಕೂಡಲೇ ಲೆನ್ಸ್ ಮೇಲೆ ನೀರು ಕೂರುತ್ತೆ. ಬ್ಯಾಟರಿಯೂ ಬೇಗ ಇಳಿಯುತ್ತೆ, ಪವರ್ ಬ್ಯಾಂಕ್ ಇರಲಿ.

ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. 4ಕೆ ಯುಎಚ್‌ಡಿವರೆಗೂ ಎಕ್ಸ್‌ಪೋರ್ಟ್ ಆಗುತ್ತೆ, ಕಲರ್ ಗ್ರೇಡಿಂಗ್ (ಬಣ್ಣ ತಿದ್ದೋದು) ಬಹುಪಾಲು ಉಚಿತದಲ್ಲೇ ಸಿಗುತ್ತೆ. ಸ್ಟುಡಿಯೊ ಆವೃತ್ತಿಗೆ 295 ಡಾಲರ್, ನಮ್ಮ ಪಾಲಿಗೆ ಅದು ಇನ್ನೊಂದು ಫೋನ್. ಸ್ಟುಡಿಯೊದಲ್ಲಿ ಇದ್ದು ಉಚಿತದಲ್ಲಿ ಇಲ್ಲದ್ದರಲ್ಲಿ ನಮಗೆ ಕಾಡಿದ್ದು ನಾಯ್ಸ್ ರಿಡಕ್ಷನ್ ಒಂದೇ. ಫೋನಿನ ಸೆನ್ಸರ್ ಚಿಕ್ಕದು, ಕತ್ತಲಲ್ಲಿ ಐಎಸ್‌ಒ ಏರಿಸಿದರೆ ಚಿತ್ರ ರವೆ ಚೆಲ್ಲಿದ ಹಾಗೆ ಕಾಣುತ್ತೆ. ನಮ್ಮ ಒಂದು ರಾತ್ರಿ ದೃಶ್ಯ ಹಾಗೇ ಇದೆ, ದೊಡ್ಡ ಸ್ಕ್ರೀನಿನಲ್ಲಿ ಎದ್ದು ಕಾಣಿಸಿತು. ಹಾಗಾಗಿ ರಾತ್ರಿ ಜಾಸ್ತಿ ಇರೋ ಕತೆಯಾದರೆ ಈ ದಾರಿ ಬೇಡ, ಅಥವಾ ಕತೆಯಲ್ಲಿ ರಾತ್ರಿಯನ್ನು ಸಂಜೆ ಮಾಡಿಕೊಳ್ಳಿ. ರಿಸಾಲ್ವ್ ತೆರೆದ ಕೂಡಲೇ, ಒಂದೂ ಕ್ಲಿಪ್ ಒಳಗೆ ತರೋಕೆ ಮುಂಚೆ, ಪ್ರಾಜೆಕ್ಟ್ ಫ್ರೇಮ್ ರೇಟ್ 25 ಅಂತ ಇಡಿ, ಕ್ಲಿಪ್ ಬಂದ ಮೇಲೆ ಅದನ್ನು ಬದಲಾಯಿಸೋಕೆ ಬಿಡಲ್ಲ. 8 ಜಿಬಿ ರ್‍ಯಾಮ್ ಇರೋ ಕಾಲೇಜು ಲ್ಯಾಪ್‌ಟಾಪಿನಲ್ಲಿ ಎಚ್.265 ಅನ್ನೋ, ಬಹಳ ಒತ್ತಿ ಚಿಕ್ಕದು ಮಾಡಿದ ಫೈಲು ಏದುಸಿರು ಬಿಡುತ್ತೆ, ರಾತ್ರಿ ಮಲಗೋ ಮುಂಚೆ ಪ್ರಾಕ್ಸಿ (ಎಡಿಟ್ ಮಾಡೋಕಷ್ಟೇ ಬಳಸೋ ಹಗುರ ಕಾಪಿ) ಮಾಡೋಕೆ ಬಿಟ್ಟರೆ ಬೆಳಿಗ್ಗೆ ಸರಾಗವಾಗಿ ಓಡುತ್ತೆ.

ಬಾಡಿಗೆ ಕ್ಯಾಮೆರಾ ಬಂದಿದ್ದರೆ ಇದಕ್ಕಿಂತ ಚೆನ್ನಾಗಿ ಬರುತ್ತಿತ್ತಾ ಅಂತ ಜೂನಿಯರ್‌ಗಳು ಕೇಳುತ್ತಾರೆ. ರಾತ್ರಿ ದೃಶ್ಯ ಖಂಡಿತ ಚೆನ್ನಾಗಿರುತ್ತಿತ್ತು. ಹಿನ್ನೆಲೆ ಮಸುಕಾಗಿ ಮುಖ ಮಾತ್ರ ಎದ್ದು ಕಾಣೋ ಥರದ ಶಾಟ್ ಫೋನಿನಲ್ಲಿ ಸಿಗೋದು ಕಷ್ಟ, ವಸ್ತು ಲೆನ್ಸಿಗೆ ತೀರ ಹತ್ತಿರ ಇದ್ದರೆ ಮಾತ್ರ ಸ್ವಲ್ಪ ಬರುತ್ತೆ. ಆದರೆ ಆ ಕ್ಯಾಮೆರಾ ಒಂದು ದಿನಕ್ಕೆ ಮಾತ್ರ ನಮ್ಮದಾಗಿರುತ್ತಿತ್ತು. ಫೋನು ಗೆಳೆಯನ ಜೇಬಿನಲ್ಲೇ ಇರೋದರಿಂದ ಮಳೆ ಬಂದ ಸಂಜೆಯನ್ನು ಬಿಟ್ಟು ಇನ್ನೊಂದು ಸಂಜೆ ಹೋದೆವು, ಕಿಟಕಿ ಬೆಳಕು ಸರಿಯಾಗಿ ಬೀಳೋ ಹೊತ್ತು ಯಾವುದು ಅಂತ ನೋಡಿಕೊಂಡು ಆ ಹೊತ್ತಿಗೇ ಹೋದೆವು. ಬಾಡಿಗೆ ಮೀಟರ್ ಓಡದೇ ಇದ್ದಾಗ ನಿರ್ದೇಶಕರ ತಲೆಯೂ ಸ್ವಲ್ಪ ತಣ್ಣಗಿರುತ್ತೆ. ನಮ್ಮ ನಿರ್ದೇಶಕಿ ಇದನ್ನು ಒಪ್ಪಲ್ಲ, ಅದು ಬೇರೆ ವಿಷಯ.

ಐದಕ್ಕೆ ನಾಲ್ಕು ಕೊಡುತ್ತೇನೆ ಆ್ಯಪ್‌ಗೆ. ಒಂದು ಕಡಿಮೆ ಮಾಡಿದ್ದು ಕಡಿಮೆ ಬೆಲೆಯ ಫೋನುಗಳನ್ನು ಹೊರಗಿಟ್ಟಿದ್ದಕ್ಕೆ, ಯಾಕಂದ್ರೆ ಇದು ನಿಜವಾಗಿ ಬೇಕಾಗಿರೋದೇ ಅಂಥ ಫೋನ್ ಇರೋರಿಗೆ. ಶೂಟ್ ಹತ್ತಿರ ಇರೋರು ಇವತ್ತೇ ನಿಮ್ಮ ಗುಂಪಿನಲ್ಲಿ ಯಾರ ಫೋನಿನಲ್ಲಿ ಇದು ಓಡುತ್ತೆ ಅಂತ ನೋಡಿ. ಓಡಿದರೆ, ಶೂಟ್ ಮಾಡೋ ಅದೇ ರೂಮಿನಲ್ಲಿ, ಅದೇ ಲೈಟಿನ ಕೆಳಗೆ ಒಂದು ನಿಮಿಷ ತೆಗೆದು, ಲ್ಯಾಪ್‌ಟಾಪಿಗೆ ಹಾಕಿ, ಇಯರ್‌ಫೋನ್ ಹಾಕಿಕೊಂಡು ಪೂರ್ತಿ ನೋಡಿ. ಪಟ್ಟೆ ಓಡುತ್ತಿದ್ದರೆ ಷಟರ್ ನೋಡಿ, ಗುಂಯ್ ಅಂತಿದ್ದರೆ ಫ್ರಿಜ್ ನೋಡಿ. ಯಾರ ಫೋನಿನಲ್ಲೂ ಓಡದಿದ್ದರೆ ಸೀನಿಯರ್‌ಗಳನ್ನು ಕೇಳಿ, ಕ್ಯಾಮೆರಾ ಕೊಡೋಕೆ ಹಿಂದೆ ಮುಂದೆ ನೋಡೋರೂ ಫೋನನ್ನು ಒಂದು ಭಾನುವಾರದ ಮಟ್ಟಿಗೆ ಕೊಡುತ್ತಾರೆ, ಸಿಮ್ ತೆಗೆದುಕೊಂಡು.